ಕತ್ತರಿಸಿದ ಪೈಪು

“ಮೂರು ಕಿಲೋ ನಾನೂರು,” ಎಂದು ನೀರಜಾ ಪಂಥ ಕಟ್ಟಿದಳು.

“ಮೂರೂ ಆಗೋದಿಲ್ಲ,” ಎಂದು ಬ್ರೀಡಾ ನಿನ್ನೆಯ ಕೊನೆಯ ಆಪರೇಷನ್ನಿನ ಚೀಲವನ್ನು ತೂಕದ ಕೊಕ್ಕೆಗೆ ಸಿಕ್ಕಿಸಿದಳು.

ಅದು ಊರಿಗೆ ಹೊರಟಾಗ ಸೂಟ್‌ಕೇಸ್ ತೂಗುವ ಸಾಧನ. ವಿಮಾನದವರ ಇಪ್ಪತ್ಮೂರು ಕಿಲೋಗೆ ಹೆದರಿ ಕೊಂಡಿದ್ದನ್ನು ನೀರಜಾ ಆಡಮ್ಸ್‌ಟೌನ್ ಬಡಾವಣೆಯ ಮನೆಯಿಂದ ಈ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ತಂದು ಮೂರು ವಾರವಾಗಿತ್ತು. ಅರಿವಳಿಕೆ ಕೊಡುವ ಡಾಕ್ಟರಿಗೆ ಕಸದ ಉಸಾಬರಿ ಏಕೆಂದು ನಕ್ಕವರುಂಟು. ನಗಲಿ, ಅವಳಿಗೆ ಕುತೂಹಲ ಹತ್ತಿಬಿಟ್ಟಿತ್ತು. ಒಂದು ಮಂಡಿ ಆಪರೇಷನ್ನಿಗೆ, ರೋಗಿ ಇನ್ನೂ ಬಾಗಿಲಾಚೆ ಮಲಗಿರುವಾಗಲೇ, ಉಪಕರಣಗಳ ಎಷ್ಟು ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಬಿಸಾಡುತ್ತಾರೆ! ಯಾರ ಮೈಯನ್ನೂ ಮುಟ್ಟದ ಹೊಚ್ಚಹೊಸ ಪ್ಲಾಸ್ಟಿಕ್ಕು. ಅದನ್ನು ಬೇರೆ ಚೀಲಕ್ಕೆ ಹಾಕಿ, ರೋಗಿ ಒಳಗೆ ಬರುವ ಮೊದಲೇ ಬಾಯಿ ಕಟ್ಟಿ, ಮರುಬಳಕೆಗೆ ಕಳಿಸೋಣವೆಂದು ಮ್ಯಾನೇಜರ್ ಫಿಡೆಲ್ಮಾಳನ್ನು ಕಾಡಿ ಬೇಡಿ ನಾಲ್ಕು ವಾರದ ಪ್ರಯೋಗಕ್ಕೆ ಒಪ್ಪಿಸಿದ್ದಳು. ರಕ್ತ ತಾಗಿದ ಒಂದು ತುಣುಕು ಸಿಕ್ಕರೂ ಎಲ್ಲ ಬಂದ್ ಎಂಬುದು ಷರತ್ತು. ಚೀಲ ಕಟ್ಟುವ ಹೊಣೆಯನ್ನು ಥಿಯೇಟರಿನ ಸಹಾಯಕಿ ಬ್ರೀಡಾ ತಾನಾಗಿ ಕೇಳಿ ಪಡೆದಿದ್ದಳು. ಮೂವತ್ತು ವರ್ಷ ಇಲ್ಲಿಯ ಕಸ ಎಳೆದವಳು. ಆ ಕಸದ ಬಗ್ಗೆ ಅವಳನ್ನು ಒಬ್ಬರು ಒಂದು ಮಾತು ಕೇಳಿದ್ದು ಇದೇ ಮೊದಲು.

“ಎರಡು ಒಂಬೈನೂರು! ಚಹಾ ನಿಮ್ಮ ಖರ್ಚು, ಡಾಕ್ಟರ್,” ಎಂದು ನಕ್ಕ ಬ್ರೀಡಾ ಥಟ್ಟನೆ ಚೀಲದತ್ತ ಬಗ್ಗಿದಳು. ಪಾರದರ್ಶಕ ಚೀಲದ ತಳದಲ್ಲಿ ಡ್ರಿಪ್ ಪೈಪೊಂದು ಬಿದ್ದಿತ್ತು. ತುದಿಯಲ್ಲಿ ಒಣಗಿದ ರಕ್ತ.

ಹಾಳಾದ್ದು, ಫಿಡೆಲ್ಮಾ ಅದೇ ಹೊತ್ತಿಗೆ ಒಳಗೆ ಬರಬೇಕೆ? “ರೋಗಿ ಬಂದ ಮೇಲೂ ಚೀಲ ತೆರೆದೇ ಇತ್ತು ಅಂತಾಯ್ತು, ಬ್ರೀಡಾ,” ಎಂದಳು.

“ಕಟ್ಟಿದ್ದೆ ಅಂದ್ಕೊಂಡಿದ್ದೆ.” ಬ್ರೀಡಾಳ ಕಿವಿ ಕೆಂಪಾಗಿತ್ತು.

“ಎರಡು ಗಂಟೆಗೆ ಮೀಟಿಂಗ್ ಇದೆ. ಅಲ್ಲಿ ಹೇಳಿ ಈ ಪ್ರಯೋಗ ಮುಗಿಸಿಬಿಡ್ತೀನಿ.”

ನೀರಜಾ ಚೀಲವನ್ನೇ ನೋಡುತ್ತಿದ್ದಳು. ಪೈಪು ಎರಡು ತುಂಡಾಗಿತ್ತು, ಓರೆಯಾಗಿ ಕತ್ತರಿಸಿದ್ದು. ಈ ಕಟ್ಟಡದಲ್ಲಿ ಯಾರೂ ಪೈಪು ಕತ್ತರಿಸುವುದಿಲ್ಲ, ಇಡಿಯಾಗಿ ಬಿಸಾಡುತ್ತಾರೆ. ಕತ್ತರಿಸುವವಳು ತಾನೊಬ್ಬಳೇ. ಮೈಸೂರಿನಲ್ಲಿ ಕಲಿಯುವಾಗ ವನಜಾ ಸಿಸ್ಟರ್ ಕತ್ತರಿ ಕೈಗೆ ಕೊಟ್ಟು, “ಹಂಗೇ ಬಿಸಾಕ್‌ಬೇಡಿ ಡಾಕ್ಟ್ರೇ, ನಾಳೆ ಯಾರಾದ್ರೂ ತೊಳೆದು ಮಾರ್ತಾರೆ,” ಎಂದು ಗದರಿಸಿದ್ದರು. ಅಂದಿನಿಂದ ಕೈ ತನ್ನ ಪಾಡಿಗೆ ತಾನು ಕತ್ತರಿಸುತ್ತದೆ. ನಿನ್ನೆ ರೋಗಿ ನಡುಗುತ್ತಿದ್ದಾನೆಂದು ಬ್ರೀಡಾಳನ್ನು ಚೀಲ ಕಟ್ಟುವ ಮೊದಲೇ ಕಂಬಳಿ ತರಲು ಓಡಿಸಿದವಳೂ ತಾನೇ. ಆ ಗಡಿಬಿಡಿಯಲ್ಲಿ ರೋಗಿಯ ಕೈಯಲ್ಲಿದ್ದ ಹಳೆಯ ಪೈಪು ತೆಗೆದು, ಕತ್ತರಿಸಿ, ಪಕ್ಕದಲ್ಲಿ ಬಾಯಿ ತೆರೆದಿದ್ದ ಚೀಲಕ್ಕೆ ಹಾಕಿದ್ದಳು.

ಕಾರಿಡಾರಿಗೆ ಬಂದು ಗಂಡನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

“ನೀನ್ಯಾಕೆ ಬಾಯಿ ಬಿಡ್ತೀಯ?” ಎಂದ ಸತ್ಯಪ್ರಕಾಶ್. “ಸೋಮವಾರ ನಿನ್ನ ಇಂಟರ್‌ವ್ಯೂ ಐತೆ. ಪರ್ಮನೆಂಟ್ ಆಗ್ಲಿ ಮೊದ್ಲು.”

“ಬ್ರೀಡಾ ತಲೆ ಮೇಲೆ ಬರುತ್ತೆ ಕಣ್ರೀ.”

“ಅವಳನ್ನೇನು ಕೆಲಸದಿಂದ ತೆಗೀತಾರಾ? ಗ್ರ್ಯಾಂಡ್ ಆಗಿರ್ತಾಳೆ ಬಿಡು.”

ಈ ದೇಶಕ್ಕೆ ಬಂದ ಮೇಲೆ ಅವನಿಗೆ ಇಲ್ಲಿಯವರ ಹಾಗೆ ಎಲ್ಲದಕ್ಕೂ ‘ಚೆನ್ನಾಗಿದೆ’ ಅನ್ನಲು ಗ್ರ್ಯಾಂಡ್ ಒಂದು ಸಿಕ್ಕಿಬಿಟ್ಟಿದೆ. ನೀರಜಾಗೆ ಸಿಟ್ಟು ನೆತ್ತಿಗೇರಿತು. ಅವನಿಗಿಂತ ಹೆಚ್ಚು ತನ್ನ ಮೇಲೆಯೇ, ಏಕೆಂದರೆ ಅವನು ಹೇಳಿದ್ದನ್ನೇ ಅವಳೂ ಒಂದು ಗಳಿಗೆ ಯೋಚಿಸಿದ್ದಳು.

ಎರಡು ಗಂಟೆಗೆ, ಫಿಡೆಲ್ಮಾ ಬಾಯಿ ತೆರೆಯುವ ಮೊದಲೇ ನೀರಜಾ ಎದ್ದು ನಿಂತಳು. “ಪೈಪು ಹಾಕಿದವಳು ನಾನು. ಬ್ರೀಡಾರನ್ನು ಹೊರಗೆ ಕಳಿಸಿದ್ದೂ ನಾನೇ.” ಕತ್ತರಿಯ ಕಥೆಯನ್ನೂ ಹೇಳಿದಳು. ಯಾರೂ ನಗಲಿಲ್ಲ.

ಫಿಡೆಲ್ಮಾ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. “ಇದನ್ನು ಬರೆದು ಕೊಡಬೇಕಾಗುತ್ತೆ, ಡಾಕ್ಟರ್. ನಿಮ್ಮ ಫೈಲಿಗೆ ಹೋಗುತ್ತೆ.”

“ಕೊಡ್ತೀನಿ. ಪ್ರಯೋಗ?”

“ಮೂರು ವಾರದ್ದು ಲೆಕ್ಕಕ್ಕಿಲ್ಲ. ಬೇಕಿದ್ದರೆ ನಾಳೆ ಮೊದಲ ದಿನದಿಂದ ಶುರು ಮಾಡಿ. ಇದೇ ಕೊನೆಯ ಸಲ.”

ಮೀಟಿಂಗಿನಿಂದ ಮೊದಲೇ ಎದ್ದುಬಂದಿದ್ದ ಬ್ರೀಡಾ ಹೊರಗೆ ಕಾಯುತ್ತಿದ್ದಳು. ಥ್ಯಾಂಕ್ಸ್ ಹೇಳಲಿಲ್ಲ. “ತೊಳೆದು ಮಾರ್ತಾರೆ ಅಂದ್ರಲ್ಲ,” ಎಂದಳು. “ಹಾಗಾದರೆ ಅಲ್ಲಿ ಅದು ಯಾರಿಗೋ ಬೇಕಾಗಿರುತ್ತೆ?”



ಮರುದಿನ ಬೆಳಿಗ್ಗೆ, ರೋಗಿಯನ್ನು ಒಳಗೆ ಕರೆಯುವ ಮೊದಲು, ಬ್ರೀಡಾ ಚೀಲದ ಬಾಯಿ ಕಟ್ಟಿ ಗಂಟನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ನೀರಜಾಳ ಟ್ರೇಯಿಂದ ಕತ್ತರಿ ತೆಗೆದು ತನ್ನ ಜೇಬಿಗೆ ಇಳಿಸಿದಳು.

“ಬೇಕಾದಾಗ ಕೇಳಿ, ಡಾಕ್ಟರ್,” ಎಂದು ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದಳು. “ಈಗ ಹೇಳಿ, ಎಷ್ಟು?”

ಇಬ್ಬರೂ ಬಗ್ಗಿ ನೋಡಿದರು. ಪುಟ್ಟ ಪರದೆಯ ಮೇಲೆ ಅಂಕಿಗಳು ಇನ್ನೂ ಹೊಯ್ದಾಡುತ್ತಿದ್ದವು.