ಗುರುವಾರದ ಸಲಾಮು

ಶವವಿಟ್ಟ ಜನಾಜ ಎತ್ತಲು ನಾಲ್ವರು ಬಗ್ಗಿದ್ದರು. ಪಕ್ಕದ ಮನೆಯ ಮುದುಕಿ ಅವರನ್ನು ಸರಿಸಿಕೊಂಡು ಬಂದು ಹತ್ತಿಯಜ್ಜನ ಕಿವಿಯ ಬಳಿ ಬಾಯಿಟ್ಟಳು.

“ನನ್ನ ಮೊಣಕಾಲಿನ ವಿಷಯ ಹೇಳೋದು ಮರೀಬೇಡಪ್ಪ. ಈ ಸಲ ಎಡಗಾಲು.”

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಹಾಸಿಗೆ ಹೊಲಿಯುತ್ತಿದ್ದ ಅಜ್ಜನ ತಲೆಯಲ್ಲಿ ಸದಾ ಹತ್ತಿ ಅಂಟಿರುತ್ತಿದ್ದುದರಿಂದ ಆ ಹೆಸರು. ಪ್ರತಿ ಗುರುವಾರ ದರ್ಗಾಕ್ಕೆ ಹೋಗುವಾಗ ಇಡೀ ಬೀದಿಯ ಕೋರಿಕೆಗಳನ್ನು ಹೊತ್ತೊಯ್ಯುತ್ತಿದ್ದ.

“ಉಪ್ಪು ತನ್ನಿ ಅಂದ್ರೆ ಮರೀತಿದ್ರು, ಬೀದಿಯವರ ಮೊಣಕಾಲು ಒಂದೂ ಮರೀತಿರ್ಲಿಲ್ಲ,” ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಮಗನತ್ತ ತಿರುಗಿ, “ದರ್ಗಾದ ಬಾಗಿಲಲ್ಲಿ ನನ್ನನ್ನ ಒಂದು ಗಳಿಗೆ ನಿಲ್ಸಿ ಅಂದಿದ್ರು ಕಣೋ,” ಎಂದಳು.

ಔಷಧಿ ಅಂಗಡಿ ಇಟ್ಟಿದ್ದ ಮಗ ಮುಖ ಗಂಟಿಕ್ಕಿದ. “ನೇರ ಖಬರಸ್ತಾನಕ್ಕೇ ಹೋಗೋಣ ಅಮ್ಮಿ.”

ಹೇಳಿದ್ದೇನೋ ಹೇಳಿದ. ಅಪ್ಪನ ಕೊನೆಯ ಮಾತು ಮೀರುತ್ತಿದ್ದೇನೆಂಬ ಅರಿವಿನಲ್ಲಿ, ತಾಯಿಯ ಮುಖ ನೋಡದೆ ಜನಾಜಕ್ಕೆ ಹೆಗಲು ಕೊಟ್ಟ.

*

ಹನ್ನೊಂದು ವರ್ಷದ ಹಿಂದೆ ಇದೇ ವಿಷಯಕ್ಕೆ ಜಗಳವಾಗಿತ್ತು.

“ಕೇಳೋದಿದ್ರೆ ದೇವರನ್ನೇ ಕೇಳಿ ಅಬ್ಬಾ. ನನ್ನ ಹೆಸರಲ್ಲಂತೂ ಅಲ್ಲಿ ಏನೂ ಬೇಡಬೇಡಿ.”

“ದೇವರನ್ನೇ ಕೇಳೋದು ಕಣೋ. ಕೂತು ಕೇಳೋಕೆ ಅಲ್ಲಿ ತಂಪಾಗಿರುತ್ತೆ,” ಎಂದು ಅಜ್ಜ ದಬ್ಬಣಕ್ಕೆ ದಾರ ಪೋಣಿಸಿದ. “ಆಯ್ತು, ನಿನ್ನ ಹೆಸರಲ್ಲಿ ಏನೂ ಕೇಳಲ್ಲ.”

ಅಂದಿನಿಂದ ಮಗ ಅಪ್ಪನನ್ನು ಸ್ಕೂಟರಿನಲ್ಲಿ ದರ್ಗಾದ ತಿರುವಿನ ತನಕ ಬಿಟ್ಟು, ಅಲ್ಲಿಂದಲೇ ವಾಪಸಾಗುತ್ತಿದ್ದ.

*

ಆ ತಿರುವಿನಲ್ಲಿ ಹೆಗಲು ಕೊಟ್ಟವರ ನಡಿಗೆ ನಿಧಾನವಾಯಿತು. ಎಡಕ್ಕೆ ದರ್ಗಾ, ನೇರ ಹೋದರೆ ಖಬರಸ್ತಾನ. ಎಲ್ಲರೂ ಮಗನ ಮುಖ ನೋಡಿದರು. ಅಷ್ಟರಲ್ಲಿ ದರ್ಗಾ ಗುಡಿಸುವವನು ಪೊರಕೆ ಹಿಡಿದುಕೊಂಡೇ ಓಡಿಬಂದ.

“ಈ ಗುರುವಾರ ನಿಮ್ಮ ಸಲಾಮು ಬರಲಿಲ್ಲವಲ್ಲ,” ಎಂದ ಮಗನಿಗೆ.

“ನನ್ನ ಸಲಾಮಾ?”

“ಅಜ್ಜ ಎಲ್ಲರದ್ದೂ ಹೇಳಿ ಮುಗಿಸಿ, ಕೊನೇಲಿ ನಿಮ್ಮ ಸಲಾಮು ಒಪ್ಪಿಸೋರು. ಏನೂ ಕೇಳಬೇಡಿ ಅಂದಿದಾನೆ, ಸಲಾಮು ಹೇಳಬೇಡಿ ಅಂತ ಅಂದಿಲ್ಲವಲ್ಲ ಅಂತ ನಗೋರು.”

ಮಗನಿಗೂ ನಗು ಬಂತು, ಅದರ ಬೆನ್ನಿಗೇ ಅಳು. ಹನ್ನೊಂದು ವರ್ಷ ಒಂದು ವಾರವೂ ತಪ್ಪಿಸದೆ ಅಪ್ಪ ತನ್ನನ್ನೂ ಒಳಗೆ ಕರೆದೊಯ್ದಿದ್ದ. ಗೋರಿಯಲ್ಲಿರುವವರಿಗೆ ಸಲಾಮು ಹೇಳುವುದನ್ನು ಮಗನೂ ಎಂದೂ ತಪ್ಪೆಂದಿರಲಿಲ್ಲ.

“ಎಡಕ್ಕೆ ತಿರುಗಿ,” ಎಂದ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಭಾರ ಇಳಿಸದೆ, ಎಲ್ಲರಿಗೂ ಕೇಳುವಂತೆ ಸಲಾಮು ಹೇಳಿದ. “ಇದು ನನ್ನದು. ಅಬ್ಬಾನದ್ದು ಬೇರೆ,” ಎಂದ.

ಮಣ್ಣು ಕೊಟ್ಟು ಮನೆಗೆ ಬಂದಾಗ ತಾಯಿ ಅವನ ಕಾಲು ನೋಡಿದಳು.

“ಚಪ್ಪಲಿ ಎಲ್ಲೋ?”

“ದರ್ಗಾದಲ್ಲೇ ಉಳೀತು. ಗುರುವಾರ ಹೋದಾಗ ತರ್ತೀನಿ.”

ತಾಯಿ ಒಂದು ಚೊಂಬು ನೀರು ತಂದು, ಅವನ ಧೂಳು ಹಿಡಿದ ಪಾದಗಳ ಮೇಲೆ ನಿಧಾನವಾಗಿ ಸುರಿಯತೊಡಗಿದಳು.