ಮುಯ್ಯಿ ಮನ್ನಾ

ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದ ಚಿಕ್ಕಸ್ವಾಮಿಗೆ ಊರಿನ ಡೇರಿ ಮುಂದೆ ಸನ್ಮಾನ ನಡೆಯಿತು. ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಡೇರಿ ಅಧ್ಯಕ್ಷ ಚೌಡಯ್ಯ ಮೈಕು ಹಿಡಿದು, ಸರ್ಕಾರ ಯಾರ್ಯಾರದೋ ಸಾಲ ಮನ್ನಾ ಮಾಡುತ್ತದೆ, ದೇಶ ಕಾದವನಿಗೆ ನಾವೇನು ಮಾಡಿದ್ದೇವೆ ಎಂದು ಕೇಳಿದ. ಉತ್ತರವನ್ನೂ ಅವನೇ ಕೊಟ್ಟ. ಚಿಕ್ಕಸ್ವಾಮಿಯ ತಂಗಿ ಭೂಮಿಕಳ ಮದುವೆಗೆ ಊರಿನವರು ಹಾಕಿದ್ದ, ಅವರವರ ಮನೆ ಮದುವೆಯಲ್ಲಿ ತೀರಿಸಬೇಕಾದ ಮುಯ್ಯಿಯಲ್ಲಿ ತೊಂಬತ್ತು ಮನೆಯದು ಇನ್ನೂ ವಾಪಸಾಗಿರಲಿಲ್ಲ. ಅದನ್ನು ಇನ್ನು ಯಾರೂ ಇಸಿದುಕೊಳ್ಳಕೂಡದು ಎಂದು ಸಾರಿದ.

ಜನ ಚಪ್ಪಾಳೆ ತಟ್ಟಿದರು. ಚಿಕ್ಕಸ್ವಾಮಿ ಕೈ ಮುಗಿದ. ಮುಗಿಯುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ, ಎಪ್ಪತ್ತು ಸಾವಿರ ಉಳಿಯಿತು. ದೇಶ ಕಾದದ್ದು ಎಂದರೆ ಅವನ ಮಟ್ಟಿಗೆ ಹೆಚ್ಚಿನ ಕಾಲ ರೇಷನ್ ಉಗ್ರಾಣ ಕಾದದ್ದು. ಅದನ್ನು ಅಲ್ಲಿ ಹೇಳುವ ಅಗತ್ಯ ಕಾಣಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವ ಚಲುವಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬಂದ ಮೇಲೆ ಕೇಳಿದಳು:

"ಏನಕ್ಕೆ ಕೈ ಮುಗ್ದೆ ಅಂತ ಗೊತ್ತಾ ನಿಂಗೆ?"

"ಒಳ್ಳೇದೇ ಆಯ್ತಲ್ಲವ್ವ."

"ಮುಯ್ಯಿ ಬ್ಯಾಡ ಅಂದ್ರೆ ನೀವೂ ಬ್ಯಾಡ ಅಂತ ಕಣ್ಲಾ. ಕೊಡೋದು ಇಸ್ಕೊಳೋದು ಇದ್ರೆ ತಾನೆ ಹೋಗೋದು ಬರೋದು?"

ಅವನು ನಕ್ಕ. ಹದಿನೇಳು ವರ್ಷದಲ್ಲಿ ಊರಿನ ನಾಲ್ಕು ಮದುವೆಗೂ ಅವನು ಹೋದವನಲ್ಲ.

ಎರಡು ತಿಂಗಳಲ್ಲಿ ನಗು ನಿಂತಿತು. ಮೂರು ಮನೆಯವರು ಮದುವೆ ಕಾಗದ ಕೊಡಲು ಬಂದು, ನೀವು ಬರದಿದ್ದರೂ ಪರವಾಗಿಲ್ಲ, ಸುಮ್ಮನೆ ತೊಂದರೆ ತಗೋಬೇಡಿ ಎಂದು ಬಾಗಿಲಲ್ಲೇ ಹೇಳಿ ಹೋದರು. ಚಪ್ಪರ ಹಾಕಲು ಅವನನ್ನು ಕರೆಯಲಿಲ್ಲ, ತರಕಾರಿ ಹೆಚ್ಚಲು ಅವ್ವನನ್ನು ಕರೆಯಲಿಲ್ಲ. ಯಾರಿಗೂ ಸಿಟ್ಟಿರಲಿಲ್ಲ. ಎಲ್ಲರೂ ಗೌರವದಿಂದಲೇ ದೂರ ಸರಿದಿದ್ದರು. ಊರಲ್ಲೇ ಮನೆ ಕಟ್ಟಿ ಬದುಕಬೇಕೆಂದು ಬಂದಿದ್ದ ಚಿಕ್ಕಸ್ವಾಮಿಗೆ, ಕಟ್ಟಿದರೆ ಗೃಹಪ್ರವೇಶಕ್ಕೆ ಬರುವವರು ಯಾರು ಎಂಬ ಪ್ರಶ್ನೆ ಹತ್ತಿಕೊಂಡಿತು. ಅವ್ವನನ್ನು ಅದು ಹತ್ತಿಕೊಂಡು ಎರಡು ತಿಂಗಳಾಗಿತ್ತು.

ಚೌಡಯ್ಯನ ಮಗಳು ಮೇಘನಳ ಮದುವೆ ಪಾಂಡವಪುರದ ಮಂಟಪದಲ್ಲಿ. ಚಿಕ್ಕಸ್ವಾಮಿ ಅವ್ವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಮುಯ್ಯಿ ಬರೆಯುವ ಮೇಜಿನಲ್ಲಿ ಕೂತಿದ್ದವನು ಮರಿಸ್ವಾಮಿ, ಅವನ ಜೊತೆ ಓದಿದವನು. ಚಿಕ್ಕಸ್ವಾಮಿ ಎರಡು ಸಾವಿರ ಇಟ್ಟ ತಕ್ಷಣ ಮರಿಸ್ವಾಮಿ ಪೆನ್ನು ಕೆಳಗಿಟ್ಟ.

"ನಿಮ್ದು ಮನ್ನಾ ಆಗೈತೆ ಸಾರ್. ಊಟಕ್ಕೆ ನಡೀರಿ."

ಚಿಕ್ಕಸ್ವಾಮಿ ಕದಲಲಿಲ್ಲ. ಹಿಂದೆ ಕವರು ಹಿಡಿದವರ ಸಾಲು ಬೆಳೆಯಿತು. ಯಾರೋ ಹೋಗಿ ಹೇಳಿದ್ದರಿಂದ ಚೌಡಯ್ಯ ಪಂಚೆ ಎತ್ತಿ ಕಟ್ಟುತ್ತಾ ವೇದಿಕೆ ಇಳಿದು ಬಂದ.

"ಮೈಕಲ್ಲಿ ಏಳಿದ್ ಮಾತು ಕಣಪ್ಪ. ನಾನೇ ಮೊದ್ಲು ಇಸ್ಕೊಂಡ್ರೆ ಜನ ಏನಂದಾರು?"

ಅವನ ಮಾತೂ ಸುಳ್ಳಲ್ಲ ಎಂದು ಚಿಕ್ಕಸ್ವಾಮಿಗೆ ಅನ್ನಿಸಿತು. ಅವತ್ತು ಕೈ ಮುಗಿದು ಒಪ್ಪಿಕೊಂಡವನು ತಾನು. ಈಗ ವಾಪಸು ಕೊಟ್ಟರೆ ಚೌಡಯ್ಯನ ಮಾನ ಹೋಗುತ್ತದೆ. ಕೊಡದಿದ್ದರೆ ತನ್ನ ಮನೆಗೆ ಜನ ಬರುವುದು ಹೋಗುತ್ತದೆ. ಮೇಜಿನ ಮೇಲಿನ ನೋಟನ್ನು ಮರಿಸ್ವಾಮಿಯ ಕಡೆ ಇನ್ನಷ್ಟು ಸರಿಸಿದ.

"ಹಳೇದ ನೀ ಬುಟ್ಟಿದ್ದೀಯ, ನಾ ಒಪ್ಕೊಂಡಿವ್ನಿ," ಎಂದ. "ಇದು ಹಳೇದಲ್ಲ ಚೌಡಣ್ಣ. ಹೊಸ ಮುಯ್ಯಿ. ಇನ್ಮೇಲೆ ನೀನೇ ನಂಗೆ ಕೊಡ್ಬೇಕು. ನನ್ ಮನೆ ಗೃಹಪ್ರವೇಶಕ್ಕೆ ಬಂದು ತೀರ್ಸು."

ಊರಿನ ಸಾಲ ಮನ್ನಾ ಮಾಡಿದ ಚೌಡಯ್ಯನನ್ನೇ ಎಲ್ಲರ ಎದುರು ಸಾಲಗಾರ ಮಾಡಿದಂತಾಗಿತ್ತು. ಬೇಡ ಎನ್ನುವುದಕ್ಕೂ ದಾರಿಯಿರಲಿಲ್ಲ. ಮಗಳ ಮದುವೆಗೆ ಬಂದ ಹೊಸ ಮುಯ್ಯಿಯನ್ನು ಯಾರೂ ತಳ್ಳುವುದಿಲ್ಲ. ಸಾಲಿನಲ್ಲಿದ್ದ ಒಬ್ಬ ಮುದುಕ, "ಬರ್ಕೊಳ್ಳಲಾ ಮರಿಸ್ವಾಮಿ, ಊಟದ್ ಎರಡ್ನೇ ಪಂಕ್ತಿನೂ ಎದ್ದೋಯ್ತು," ಎಂದು ಗೊಣಗಿದ. ಚೌಡಯ್ಯ ಪಂಚೆ ಇಳಿಬಿಟ್ಟುಕೊಂಡು ವೇದಿಕೆ ಹತ್ತಿದ. ಮರಿಸ್ವಾಮಿ ಬರೆದುಕೊಂಡ.

ಊಟದ ಮನೆಯ ಬಾಗಿಲಲ್ಲಿ ಕಾಯುತ್ತಿದ್ದ ಅವ್ವ ಎಷ್ಟು ಹಾಕಿದೆ ಎಂದು ಕೇಳಿದಳು. ಹೇಳಿದ.

"ಸಾವ್ರ ಸಾಕಾಗಿತ್ತು. ಇನ್ನು ಎಲ್ಲಾ ಮನೆಗೂ ಅಷ್ಟೇ ಆಕ್ಬೇಕು, ನಿನ್ ಪಿಂಚಣಿ ಎಲ್ಲಿಗ್ ಸಾಲ್ತದೆ?" ಎಂದು ಬೈದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರೂ ಕರೆಯದಿದ್ದರೂ ಬಡಿಸುವವರ ಕಡೆ ಹೋಗಿ ಪಲ್ಯದ ಬಕೆಟ್ಟು ಕೈಗೆ ತಗೊಂಡಳು.