ಲೈನರಿನ ಅಂಚಿನ ಗೀರು

ನೆಲದ ಮೇಲೆ ಸುಮಾರಾಗಿ ಓಡುವ ಎಂಜಿನ್ನು ಮೇಲೆ ಹೋದ ಕೂಡಲೇ ಕೈಕೊಡುತ್ತಿತ್ತು. ಒಂದೆರಡು ಸುತ್ತು ಚೆನ್ನಾಗಿ ಕಿರುಚುತ್ತಿತ್ತು. ಆಮೇಲೆ ಸದ್ದು ಕುಗ್ಗುತ್ತಿತ್ತು, ಮತ್ತೆ ಏರುತ್ತಿತ್ತು, ಕೊನೆಗೆ ಯಾರೋ ಕುತ್ತಿಗೆ ಹಿಸುಕಿದ ಹಾಗೆ ನಿಂತುಬಿಡುತ್ತಿತ್ತು. ನಾನು ರಿಮೋಟನ್ನು ಎದೆಗೊತ್ತಿಕೊಂಡು, ಸದ್ದಿಲ್ಲದ ವಿಮಾನವನ್ನು ಹೇಗೋ ಹುಲ್ಲಿಗೆ ಇಳಿಸುತ್ತಿದ್ದೆ.

"ಪ್ಲಗ್ ಇರಬೇಕು," ಎಂದರು ಭಾವ.

ಭಾವ ಅಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ ಅವರದು. ಮಾದರಿ ವಿಮಾನ ಹಾರಿಸುವುದನ್ನು ನನಗೆ ಕಲಿಸಿದ್ದೂ ಅವರೇ. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಡ್ಯೂಟಿ ಮುಗಿದರೆ ನೇರ ಅವರ ಅಂಗಡಿಯ ಹಿಂದಿನ ಕೋಣೆಗೆ ಬರುತ್ತಿದ್ದೆ. ನಮ್ಮಿಬ್ಬರ ವಿಮಾನಗಳೂ ಅಲ್ಲೇ ಮಾಡಿಗೆ ನೇತಾಡುತ್ತಿದ್ದವು. ಇಬ್ಬರದೂ ಒಂದೇ ತಯಾರಿಕೆಯ ಎಂಜಿನ್ನು. ಅವರದು ಹಳೆಯದು, ನನ್ನದು ಹೊಸದು.

ಭಾನುವಾರ ಕ್ಲಬ್ಬಿನ ಆಯ್ಕೆ ಇತ್ತು. ದೊಡ್ಡ ಸ್ಪರ್ಧೆಗೆ ಹೋಗುವ ತಂಡದಲ್ಲಿ ಒಂದೇ ಜಾಗ ಖಾಲಿ. ಭಾವನೂ ನಿಂತಿದ್ದರು, ನಾನೂ ನಿಂತಿದ್ದೆ. ಅಕ್ಕನಿಗೆ ಅದೊಂದು ತಮಾಷೆ.

"ಯಾರು ಹೋದ್ರೂ ನಂಗೇನು? ಎಣ್ಣೆ ಬಟ್ಟೆ ಒಗೆಯೋಳು ನಾನೇ."

ಪ್ಲಗ್ ಬದಲಾಯಿಸಿದೆವು. ಸರಿಹೋಗಲಿಲ್ಲ. ಇಂಧನಕ್ಕೆ ನೀರು ಸೇರಿರಬೇಕು ಎಂದರು ಭಾವ. ಹೊಸ ಡಬ್ಬಿ ಒಡೆದೆವು. ಟ್ಯಾಂಕಿನೊಳಗಿನ ರಬ್ಬರ್ ನಳಿಕೆ ತೂತಾಗಿರಬಹುದು ಎಂದರು. ಅದನ್ನು ನೀರಲ್ಲಿ ಮುಳುಗಿಸಿ, ಊದಿ, ಗುಳ್ಳೆ ಬರುತ್ತದೆಯೇ ಎಂದು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಬರಲಿಲ್ಲ. ಇಂಧನ ಎಷ್ಟು ಹೋಗಬೇಕೆಂದು ಹಿಡಿತದಲ್ಲಿಡುವ ಸೂಜಿಯನ್ನು ಬಿಚ್ಚಿ ತೊಳೆದೆವು. ಭಾವ ಕನ್ನಡಕವನ್ನು ಹಣೆಗೇರಿಸಿ ಸೂಜಿಯ ತುದಿಯನ್ನು ಬೆಳಕಿಗೆ ಹಿಡಿದು, "ಇದರಲ್ಲೇನೂ ಇಲ್ವಲ್ಲ ಪೈಲಟ್ಟಮ್ಮ," ಎಂದು ನಿಟ್ಟುಸಿರು ಬಿಟ್ಟರು. ಅಷ್ಟು ಕಾಳಜಿಯ ನಿಟ್ಟುಸಿರು.

ಆ ಎಂಜಿನ್ನನ್ನು ನಾನು ಪಳಗಿಸಿದ ಕಥೆ ಬೀದಿಗೆಲ್ಲ ಗೊತ್ತು. ಹೊಸ ಎಂಜಿನ್ನಿನಲ್ಲಿ ಪಿಸ್ಟನ್ನೂ ಅದು ಓಡಾಡುವ ಕೊಳವೆಯೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಆ ಕೊಳವೆಯೇ ಲೈನರ್. ಮರದ ದಿಮ್ಮಿಗೆ ಎಂಜಿನ್ನನ್ನು ಬಿಗಿದು, ಟ್ಯಾಂಕಿನ ಮೇಲೆ ಟ್ಯಾಂಕು ಇಂಧನ ಸುರಿದು, ಅವಸರ ಮಾಡದೆ ಓಡಿಸಬೇಕು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡು ಬೈದರು. ನನ್ನ ತಲೆಗೂದಲಿಗೆ ಇಂಧನದಲ್ಲಿನ ಹರಳೆಣ್ಣೆಯ ಹೊಗೆ ವಾಸನೆ ಅಂಟಿತ್ತು. ಕೊನೆಗೆ ಅದಕ್ಕೊಂದು ದನಿ ಬಂತು: ತೆಳ್ಳಗೆ, ನಡುಗದೆ, ರೇಷ್ಮೆ ಬಟ್ಟೆ ಹರಿದ ಹಾಗೆ. "ಇನ್ನು ಇದನ್ನ ಬಿಚ್ಚೋ ಹಾಗಿಲ್ಲ. ಓಡೋದನ್ನ ಯಾವತ್ತೂ ಬಿಚ್ಚಬೇಡ," ಎಂದಿದ್ದರು ಭಾವ. ನಾನು ಬಿಚ್ಚಿರಲಿಲ್ಲ.

ಆಮೇಲೆ ಆಸ್ಪತ್ರೆಯವರು ನನ್ನನ್ನು ಪರವೂರಿಗೆ ತರಬೇತಿಗೆ ಕಳಿಸಿದರು. ಬರುವಷ್ಟರಲ್ಲಿ ಎಂಜಿನ್ನು ಹೀಗಾಗಿತ್ತು. ಭಾವ ಒಂದು ಎಲೆಕ್ಟ್ರಿಕ್ ಸ್ಟಾರ್ಟರ್ ತಂದಿಟ್ಟಿದ್ದರು. "ಇನ್ಮೇಲೆ ಕೈಯಲ್ಲಿ ತಿರುಗಿಸ್ಬೇಡ. ಬೆರಳು ಹೋದ್ರೆ ಎಕ್ಸ್‌ರೇ ಯಾರು ತೆಗೀತಾರೆ, ನಿನ್ನದನ್ನ?" ಎಂದು ನಕ್ಕಿದ್ದರು. ನನಗೆ ಖುಷಿಯಾಗಿತ್ತು.

ಶನಿವಾರ ಬೆಳಿಗ್ಗೆ ಸ್ಟಾರ್ಟರಿನ ಬ್ಯಾಟರಿ ಸತ್ತಿತ್ತು. ಭಾವ ಮುಂದೆ ಗಿರಾಕಿಯ ಜೊತೆ ಮಾತಾಡುತ್ತಿದ್ದರು. ನಾನು ಹಳೆಯ ಅಭ್ಯಾಸದಂತೆ ಪ್ರೊಪೆಲ್ಲರನ್ನು ಬೆರಳಿಂದ ತಿರುಗಿಸಿದೆ. ಅದು ಸಲೀಸಾಗಿ ತಿರುಗಿತು. ನನ್ನ ಎಂಜಿನ್ನು ತಣ್ಣಗಿದ್ದಾಗ ಹಾಗೆ ತಿರುಗುವುದಿಲ್ಲ. ಪಿಸ್ಟನ್ನು ತುತ್ತತುದಿಗೆ ಬಂದಾಗ ಕಚ್ಚಿ ಹಿಡಿದು, ಕಿರ್ ಎಂದು ಗೊಣಗಿ, ಆಮೇಲೆ ದಾರಿ ಬಿಡುತ್ತದೆ. ಆ ಕಚ್ಚುವಿಕೆ ಈಗ ಎಲ್ಲೂ ಇರಲಿಲ್ಲ. ಮತ್ತೆ ತಿರುಗಿಸಿದೆ. ಹಲ್ಲಿಲ್ಲದ ಬಾಯಿ.

ಎಂಜಿನ್ನಿನ ತಲೆಯ ಸ್ಕ್ರೂಗಳನ್ನು ಬಿಚ್ಚಿದೆ.

ಭಾವನಿಗೊಂದು ಪದ್ಧತಿ ಇದೆ. ಏನನ್ನು ಬಿಚ್ಚುವುದಿದ್ದರೂ ಮೊದಲು ಎರಡು ಭಾಗ ಕೂಡುವ ಜಾಗದಲ್ಲಿ ಚೂಪು ಮೊಳೆಯಿಂದ ಅಡ್ಡ ಒಂದು ಗೀರು ಎಳೆಯುತ್ತಾರೆ. ವಾಪಸ್ಸು ಜೋಡಿಸುವಾಗ ಗೀರಿಗೆ ಗೀರು ಕೂಡಬೇಕು. ನಮ್ಮ ಪೇಟೆಯ ಅರ್ಧ ಮಿಕ್ಸಿಗಳ ಒಳಗೆ ಅವರ ಗೀರು ಇದೆ. ನನಗೂ ಅದನ್ನೇ ಕಲಿಸಿದ್ದರು.

ನಾನು ಯಾವತ್ತೂ ಬಿಚ್ಚದ ಎಂಜಿನ್ನಿನ ಮೈಮೇಲೆ, ಅಂಚಿನಲ್ಲಿ, ಹೊಸ ಗೀರು ಹೊಳೆಯುತ್ತಿತ್ತು. ಲೈನರಿನ ಅಂಚಿನಲ್ಲೂ ಒಂದು ಗೀರಿತ್ತು, ಹಳೆಯದು, ಎಣ್ಣೆ ಕುಡಿದು ಕಪ್ಪಾಗಿದ್ದದ್ದು. ಎರಡೂ ಕೂಡಲಿಲ್ಲ. ಒಂದು ಇಲ್ಲಿ, ಇನ್ನೊಂದು ಬೆರಳಗಲ ಆಚೆ. ನನ್ನ ಎಂಜಿನ್ನಿನ ಗೀರಿನ ಇನ್ನರ್ಧ ಬೇರೆ ಎಂಜಿನ್ನಿನ ಒಳಗಿತ್ತು.

ತಲೆಯೆತ್ತಿ ಮಾಡಿಗೆ ನೇತಾಡುತ್ತಿದ್ದ ಭಾವನ ವಿಮಾನವನ್ನು ನೋಡಿದೆ.

ಲೈನರನ್ನು ಚಿಂದಿ ಬಟ್ಟೆಯಲ್ಲಿ ಹಿಡಿದು ಮುಂದೆ ಹೋದೆ. ಗಿರಾಕಿ ಹೋಗಿದ್ದ. ಅದನ್ನು ಭಾವನ ಮುಂದಿಟ್ಟೆ.

"ಇದು ಯಾರದು?"

ಭಾವ ಅದನ್ನು ನೋಡಿದರು. ಎತ್ತಿಕೊಳ್ಳಲಿಲ್ಲ. "ಬಿಚ್ಚಿಬಿಟ್ಯಾ?"

"ಯಾರದು ಭಾವ?"

"ಗೀರು ಎಳೀಬಾರ್ದಿತ್ತು," ಎಂದರು. "ಕೈಗೆ ಅಭ್ಯಾಸ. ಕೇಳದೇ ಎಳೆದುಬಿಡುತ್ತೆ." ಆಮೇಲೆ ನಗಲು ನೋಡಿದರು. "ನಂದು ಪಿಸ್ಟನ್ನು, ಲೈನರು ಎರಡೂ ಸವೆದುಹೋಗಿತ್ತು. ಈಗ ಹೊಸ ಸೆಟ್ ತಂದು ಪಳಗಿಸೋಕೆ ಟೈಮೆಲ್ಲಿ? ನನ್ನ ಕಣ್ಣು ಮುಂದಿನ ವರ್ಷಕ್ಕೆ ಇರುತ್ತೋ ಇಲ್ವೋ. ನಿಂಗೇನು, ಇನ್ನೂ ಹತ್ತು ಸಲ ನಿಲ್ಲಬಹುದು."

"ಕೇಳಿದ್ರೆ ಕೊಡ್ತಿದ್ದೆ."

"ಕೊಡ್ತಿರ್ಲಿಲ್ಲ."

ಕೊಡುತ್ತಿದ್ದೆ. ಅದನ್ನು ಅವರಿಗೆ ನಂಬಿಸುವ ದಾರಿ ಈಗ ಉಳಿದಿರಲಿಲ್ಲ.

"ಕದ್ದಿದ್ದು ಹೋಗ್ಲಿ. ನನ್ನ ಪಕ್ಕ ಕೂತು ನೀರಲ್ಲಿ ಗುಳ್ಳೆ ನೋಡಿದ್ರಲ್ಲ ನೀವು?"

ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಬಂದಳು. ಮೇಜಿನ ಮೇಲಿದ್ದ ಲೈನರನ್ನೂ ನಮ್ಮಿಬ್ಬರ ಮುಖವನ್ನೂ ನೋಡಿದಳು. ಏನಿದು ಎಂದು ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ನನಗೆ ಗೊತ್ತಾಯಿತು.

"ನಿಂಗೂ ಗೊತ್ತಿತ್ತಾ ಅಕ್ಕ?"

"ಒಂದು ಚೂರು ತಗಡಿಗೆ ಇಷ್ಟು ರಂಪಾನಾ?" ಅಕ್ಕ ಡಬ್ಬಿಯನ್ನು ಕುಕ್ಕಿದಳು. "ಇವರು ಊಟ ನಿದ್ದೆ ಬಿಟ್ಟು ಕೂತಿದ್ರು. 'ಅವಳದನ್ನ ತಗೊಳ್ಳಿ, ಅವಳಿಗೆಲ್ಲಿ ತಿಳಿಯುತ್ತೆ' ಅಂತ ನಾನೇ ಅಂದೆ. ಮನೆಯೋರಿಗೆ ಅಷ್ಟೂ ಬಿಟ್ಟುಕೊಡೋಕಾಗಲ್ವಾ ನಿಂಗೆ?"

"ಬಿಚ್ಚಿ ಕೊಡಿ," ಎಂದೆ ಭಾವನಿಗೆ. "ಈಗಲೇ."

"ಕೊಡ್ತೀನಿ. ಆದ್ರೆ ಅದು ಈಗ ನನ್ನ ಎಂಜಿನ್ನಿಗೆ ಒಗ್ಗಿದೆ. ಇವತ್ತು ಕಿತ್ತರೆ ನಾಳೆ ಇಬ್ಬರದೂ ಓಡಲ್ಲ, ನೋಡ್ಕೋ."

ಅದು ನಿಜವೋ ಸುಳ್ಳೋ ನನಗೆ ತಿಳಿಯಲಿಲ್ಲ. ಎಂಜಿನ್ನಿನ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಅವರು ಹೇಳಿದ್ದೇ. ಬೇರೆ ಯಾರನ್ನು ಕೇಳಲಿ? ಸವೆದ ಲೈನರನ್ನೇ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಜೋಡಿಸಿದೆ. ಒಂದು ಸ್ಕ್ರೂ ಜಾರಿ ಮೇಜಿನಡಿ ಉರುಳಿತು. ಹುಡುಕಿಕೊಡಲು ಯಾರೂ ಬರಲಿಲ್ಲ.

ಭಾನುವಾರ ನನ್ನ ಸರದಿ ಮೊದಲು ಬಂತು. ನಾನು ಕರೆಯಲಿಲ್ಲ, ಭಾವ ತಾವಾಗಿಯೇ ಬಂದು ವಿಮಾನ ಹಿಡಿದರು. ಮೂರನೆಯ ಸುತ್ತಿನಲ್ಲಿ ಎಂಜಿನ್ನು ನಿಂತಿತು. ತೀರ್ಪುಗಾರರು ಸೀಟಿ ಊದಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಆಮೇಲೆ ಅವರ ಸರದಿ. ನಮ್ಮ ಕ್ಲಬ್ಬಿನಲ್ಲಿ ಹಿಡಿಯುವವರಿಲ್ಲದೆ ಹಾರಿಸುವಂತಿಲ್ಲ. ಹಾರಿಸುವವರು ಸೂಜಿಯನ್ನು ಸರಿಮಾಡುತ್ತಾರೆ. ಹಿಡಿದವರು ವಿಮಾನದ ಮೂತಿಯನ್ನು ಆಕಾಶಕ್ಕೆತ್ತಿ, ಸದ್ದು ಕೇಳಿ, ಸರಿಯೋ ಇಲ್ಲವೋ ಹೇಳಬೇಕು. ಭಾವನ ಜೋಡಿ ನಾನೇ. ಅವರು ನನ್ನತ್ತ ನೋಡಲಾರದೆ ನೋಡುತ್ತಾ ನಿಂತಿದ್ದರು. ನಾನು ಹೋದೆ. ದೊಡ್ಡ ಮನಸ್ಸಿನಿಂದೇನಲ್ಲ. ನನ್ನ ಎಂಜಿನ್ನಿನ ದನಿ ಕೇಳಬೇಕಿತ್ತು.

ಅದೇ ದನಿ, ರೇಷ್ಮೆ ಹರಿದದ್ದು. ಅಂಗೈಯಿಂದ ಮೊಣಕೈವರೆಗೂ ಗುರುತು ಹತ್ತಿತು. ಮೂತಿಯನ್ನು ಮೇಲೆತ್ತಿದೆ. ದನಿ ಒಂದೆಳೆ ಒಣಗಿತು. ಸೂಜಿ ಬಿಗಿಯಾಗಿತ್ತು, ಇಂಧನ ಸಾಲುತ್ತಿರಲಿಲ್ಲ. ಈ ಜೋಡಿಗೆ ಎಷ್ಟು ಬೇಕೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಸೂಜಿ ಎರಡು ಕ್ಲಿಕ್ ಸಡಿಲ ಬಿಡಿ!" ಎಂದು ಕೂಗಿದೆ.

ಭಾವ ಸೂಜಿಗೆ ಕೈ ಹಾಕಿದರು. ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ನನ್ನ ಕಿವಿಯನ್ನು ಅವರು ಒಮ್ಮೆಯೂ ಅನುಮಾನಿಸಿರಲಿಲ್ಲ. ಈಗ ಅವರ ಕಣ್ಣು ಸಣ್ಣಗಾಯಿತು. ಕೈ ಹಿಂದಕ್ಕೆ ಹೋಯಿತು.

"ಬಿಡಿ ಭಾವ, ನಿಂತೋಗುತ್ತೆ!"

"ನಂಗೊತ್ತು. ನೀನು ಕೈಬಿಡು."

ಕೈಬಿಟ್ಟೆ. ವಿಮಾನ ಚೆಂದಕ್ಕೆ ಏರಿತು. ಎರಡನೆಯ ಸುತ್ತಿಗೆ ದನಿ ಇನ್ನಷ್ಟು ಒಣಗಿತು, ನಾಲ್ಕನೆಯದರಲ್ಲಿ ಒಮ್ಮೆ ಕೀರಲಿಟ್ಟು ನಿಂತಿತು. ಬೇಲಿಯಾಚೆಯ ಪೊದೆಗೆ ಮೂತಿ ಕೊಟ್ಟು ಬಿತ್ತು. ಜಾಗ ಬೇರೆ ಯಾರದೋ ಪಾಲಾಯಿತು.

ಪೊದೆಯಿಂದ ಅದನ್ನು ಎತ್ತಿ ತಂದವಳು ನಾನು. ಪ್ರೊಪೆಲ್ಲರನ್ನು ಬೆರಳಿಂದ ತಿರುಗಿಸಿ ನೋಡಿದೆ. ತಿರುಗಲಿಲ್ಲ. ಪಿಸ್ಟನ್ನು ಲೈನರಿಗೆ ಸುಟ್ಟು ಅಂಟಿಕೊಂಡಿತ್ತು.

ಅಕ್ಕ ಮೈದಾನದ ಅಂಚಿನಲ್ಲಿ ಕಾಯುತ್ತಿದ್ದಳು. ನನ್ನ ರಟ್ಟೆ ಹಿಡಿದು ಪಕ್ಕಕ್ಕೆಳೆದಳು.

"ನಿಜ ಹೇಳು. ಹಿಡ್ಕೊಂಡಿದ್ದಾಗ ಏನು ಮಾಡ್ದೆ?"

ಭಾವ ಅಲ್ಲೇ ಇದ್ದರು. ನಾನು ಏನು ಕೂಗಿದ್ದೆನೆಂದು ಅವರಿಗೆ ಗೊತ್ತಿತ್ತು. ಅವರು ಬಗ್ಗಿ ರೆಕ್ಕೆಯ ಕೆಸರು ಒರೆಸತೊಡಗಿದರು.